ಗುರುತಿಟ್ಟ ಜಾಗದಲ್ಲಿ ಇಂದಕ್ಕ ಇರಲಿಲ್ಲ

ಫೋನಿನ ನಕ್ಷೆಯಲ್ಲಿ ನಾವು ನಿಂತ ಜಾಗವನ್ನು ತೋರಿಸುವ ನೀಲಿ ಚುಕ್ಕೆಯೊಂದಿದೆಯಲ್ಲ, ಅದನ್ನು ಕಂಡರೆ ನನಗೆ ಈಗಲೂ ಅಂಗೈ ಬೆವರುತ್ತದೆ. ಮೊನ್ನೆ ಆಟೋದವನೊಬ್ಬ ಧಾರವಾಡದ ಸಪ್ತಾಪುರದ ನಮ್ಮ ಮನೆಯ ಗೇಟಿನ ಮುಂದೆಯೇ ನಿಂತು, ಫೋನನ್ನು ನನ್ನ ಮೂಗಿನ ಹತ್ತಿರ ಹಿಡಿದು, "ಅಕ್ಕಾರ, ನೀವು ಇಲ್ಲೇ ಅದೀರಿ ಅಂತ ತೋರಿಸಾಕತ್ತೈತಿ. ಖರೇನ ಇಲ್ಲೇ ಅದೀರೇನ್ರಿ?" ಎಂದು ಕೇಳಿದ. ನಾನು ಅವನ ಎದುರಿಗೇ ನಿಂತಿದ್ದೆ, ಕೈಯಲ್ಲಿ ಕೊಡೆ ಬೇರೆ ಇತ್ತು. ಆದರೂ ಉತ್ತರ ಹೇಳಲು ಒಂದು ಗಳಿಗೆ ಬೇಕಾಯಿತು. ಪಾಪ, ಅವನಿಗೇನು ಗೊತ್ತು, ಇದ್ದೇನೆ ಎಂದು ನಕ್ಷೆ ತೋರಿಸುವುದಕ್ಕೂ ಇರುವುದಕ್ಕೂ ನಡುವಿನ ಅಂತರವನ್ನು ನಾನು ಒಮ್ಮೆ ಕಣ್ಣಾರೆ ನೋಡಿದ್ದೇನೆಂದು.

ನಾನು ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಭೂಗೋಳ ಕಲಿಸಿದವಳು. ಕರಿಹಲಗೆಯ ಮೇಲೆ ಸುಣ್ಣದ ಕಡ್ಡಿಯಿಂದ ಭೂಮಿಯನ್ನು ಕುಂಬಳಕಾಯಿಯಂತೆ ಗುಂಡಗೆ ಬರೆದು, ಅಡ್ಡ ಗೆರೆ ಅಕ್ಷಾಂಶ, ಉದ್ದ ಗೆರೆ ರೇಖಾಂಶ ಎಂದು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ನನ್ನ ಕೈಯಲ್ಲಿ ಕಲಿತವರು ಇಂದು ವಿಮಾನ ಹಾರಿಸುತ್ತಿದ್ದರೂ ಆಶ್ಚರ್ಯವಿಲ್ಲ. ನನಗೆ ಮಾತ್ರ ದಾರಿ ತಿಳಿಯುವುದಿಲ್ಲ. ಸಪ್ತಾಪುರದಿಂದ ಮಾರ್ಕೆಟ್ಟಿಗೆ ಹೋಗಲು ಹಲವು ದಾರಿಗಳಿವೆಯಂತೆ. ನನಗೆ ಗೊತ್ತಿರುವುದು ಒಂದೇ. ನಳದ ಪೈಪಿಗಾಗಿ ಅದನ್ನು ಅಗೆದಿದ್ದರೆ ಅವತ್ತು ನಮ್ಮ ಮನೆಯಲ್ಲಿ ಕಾಯಿಪಲ್ಲೆ ಇಲ್ಲ. "ಭೂಗೋಳದ ಬಾಯಾರ, ಅಡಗೀ ಮನಿ ಯಾವ ದಿಕ್ಕಿಗೈತಿ ಹೇಳ್ರಿ ನೋಡೂಣು" ಎಂದು, ಶಾಲೆಯ ಮಕ್ಕಳು ಕರೆಯುವ ಹಾಗೆಯೇ ಕರೆದು, ನನ್ನ ಯಜಮಾನರು ಬೀಗರ ಎದುರಿಗೇ ಕೇಳುತ್ತಾರೆ. ಅದು ಪೂರ್ವಕ್ಕಿದೆ. ಅದನ್ನು ನಾನು ಬಾಯಿಪಾಠ ಮಾಡಿಕೊಂಡಿದ್ದೇನೆ.

ದಾರಿ ತಪ್ಪುವುದೆಂದರೆ ನನಗೆ ನಗೆಯ ವಿಷಯವಲ್ಲ ಎಂಬುದು ಅವರಿಗೂ ಗೊತ್ತು. ನನಗಾಗ ಆರು ವರ್ಷ. ಯಾರದೋ ಮದುವೆಯ ಜವಳಿಗೆಂದು ಅವ್ವ ನನ್ನನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋಗಿದ್ದಳು. ಅರಿವೆ ಅಂಗಡಿಗಳ ಸಾಲಿನಲ್ಲಿ ಜನವೋ ಜನ. ನನ್ನ ಕಣ್ಣಿನ ಎತ್ತರಕ್ಕೆ ಕಾಣುತ್ತಿದ್ದುದು ಸೀರೆಯ ನೆರಿಗೆಗಳು, ಧೋತರದ ಅಂಚುಗಳು, ಚೀಲಗಳು ಮಾತ್ರ. ಅವ್ವನ ಹಸಿರು ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನೆಮ್ಮದಿಯಾಗಿ ನಡೆಯುತ್ತಿದ್ದೆ. ಬೆಂಡು ಬತ್ತಾಸು ಬೇಕೆಂದು ಸೆರಗು ಜಗ್ಗಿದೆ. ತಿರುಗಿ ನೋಡಿದ ಮುಖ ಅವ್ವನದಾಗಿರಲಿಲ್ಲ. ಆ ಹೆಂಗಸು ಬೈಯಲೂ ಇಲ್ಲ, ಹೊಡೆಯಲೂ ಇಲ್ಲ. ಸುಮ್ಮನೆ ನನ್ನನ್ನು ನೋಡಿದಳು, ಅಷ್ಟೆ. ಎಷ್ಟು ಹೊತ್ತಿನಿಂದ ಆ ಸೆರಗು ಹಿಡಿದಿದ್ದೆನೋ ನನಗೆ ಇಂದಿಗೂ ಗೊತ್ತಿಲ್ಲ. ಅಂಗಡಿಯವರೊಬ್ಬರು ನನ್ನನ್ನೆತ್ತಿ ಬಟ್ಟೆಯ ಥಾನುಗಳ ಮೇಲೆ ಕೂರಿಸಿಕೊಂಡಿದ್ದರಿಂದ ಅವ್ವನಿಗೆ ಸಿಕ್ಕೆ. ಅಂದಿನಿಂದ ಗೊತ್ತಿಲ್ಲದ ಜಾಗದಲ್ಲಿ ನಿಂತರೆ ಹೊಟ್ಟೆಯೊಳಗೆ ತಣ್ಣಗಿನದೇನೋ ಇಳಿಯುತ್ತದೆ. ಭೂಗೋಳ ಓದಿದರೆ ಅದು ಹೋಗಬಹುದೆಂದು ಓದಿದೆ. ಹೋಗಲಿಲ್ಲ.

ಇಂಥ ನನ್ನನ್ನು ಕಾಡಿಗೆ ಕರೆದುಕೊಂಡು ಹೋಗಬೇಕೆಂದು ಇಂದಕ್ಕನಿಗೆ ಯಾಕನ್ನಿಸಿತೋ.

ಇಂದುಮತಿ ಅಕ್ಕ ನಮ್ಮ ಪಕ್ಕದ ಮನೆಯವರು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದವರು, ಅರವತ್ತಾರು ವರ್ಷ, ಒಬ್ಬರೇ ಇರುತ್ತಾರೆ, ಸ್ಕೂಟರು ಓಡಿಸುತ್ತಾರೆ. ಶುಗರ್ ಇದೆ, ದಿನಾ ಬೆಳಿಗ್ಗೆ ಹೊಟ್ಟೆಗೆ ತಾವೇ ಇನ್ಸುಲಿನ್ ಚುಚ್ಚಿಕೊಂಡು, ಆ ಸೂಜಿ ಹಿಡಿದ ಕೈಯಿಂದಲೇ ಕಂಪೌಂಡಿನಾಚೆ ನನಗೆ ಟಾಟಾ ಮಾಡುತ್ತಾರೆ. ಕಳೆದ ಶ್ರಾವಣದಲ್ಲಿ ಅವರು ಹಳೆಯ ನೋಟುಬುಕ್ಕೊಂದನ್ನು ತಂದು ನನ್ನ ಮುಂದಿಟ್ಟರು. ಇಪ್ಪತ್ತು ವರ್ಷದ ಹಿಂದೆ ವಿದ್ಯಾರ್ಥಿಗಳೊಡನೆ ಮುಗದ ಊರಿನ ಆಚೆಗಿನ ಕುರುಚಲು ಗುಡ್ಡದಲ್ಲಿ ಒಂದು ಬಳ್ಳಿ ಕಂಡಿದ್ದರಂತೆ. ಬೆರಳುದ್ದದ ಹೂ, ಥೇಟು ಪುಟ್ಟ ಕಂದೀಲಿನ ಹಾಗೆ. ಆಮೇಲೆ ಎಲ್ಲೂ ಕಂಡಿಲ್ಲ. ಕಾಲೇಜಿನ ಜಿಪಿಎಸ್ ಯಂತ್ರದಿಂದ ಆ ಜಾಗದ ಅಕ್ಷಾಂಶ ರೇಖಾಂಶಗಳನ್ನು ಬರೆದಿಟ್ಟಿದ್ದರು: ಡಿಗ್ರಿ, ಮಿನಿಟು, ಸೆಕೆಂಡು.

"ಈ ಫೋನು ಬ್ಯಾರೆ ರೀತಿ ಕೇಳ್ತೈತಿ ರತ್ನಾ, ಪಾಯಿಂಟ್ ಹಾಕಿ. ನಿನಗ ಈ ಲೆಕ್ಕ ಬರ್ತೈತಲ್ಲ?"

ಬರುತ್ತದೆ! ಮೂವತ್ತೊಂದು ವರ್ಷದಲ್ಲಿ ಮೊದಲ ಬಾರಿಗೆ ಒಬ್ಬರು ನನ್ನ ಭೂಗೋಳವನ್ನು ಬಳಸಿಕೊಳ್ಳಲು ಮನೆಗೆ ಬಂದಿದ್ದರು. ಭಾಗಿಸಿ ಕೂಡಿಸಿ ಎರಡು ಸಂಖ್ಯೆಗಳನ್ನು ಫೋನಿಗೆ ಹಾಕಿಕೊಟ್ಟೆ. ನಕ್ಷೆಯ ಹಸಿರಿನ ಮೇಲೆ ಗುರುತು ಬಂದು ಕೂತಿತು. ಹೆಮ್ಮೆಯಲ್ಲಿ ಇದ್ದುದರಿಂದ "ನೀನೂ ಬಾ" ಎಂದಾಗ ಹೂಂ ಎಂದುಬಿಟ್ಟೆ.

ಹತ್ತು ಗಂಟೆಗೆ ಹೊರಟೆವು. ಮೋಡ ಮುಚ್ಚಿತ್ತು, ಸೂರ್ಯ ಎಲ್ಲಿದ್ದಾನೆಂದು ಹೇಳುವಂತಿರಲಿಲ್ಲ. ಮುಗದ ದಾಟಿ ಭತ್ತದ ಗದ್ದೆಗಳ ನಡುವಿನ ದಾರಿ ಮುಗಿದಲ್ಲಿ ಮಾವಿನ ತೋಟವೊಂದರ ಬೇಲಿಗೆ ಸ್ಕೂಟರು ನಿಲ್ಲಿಸಿದೆವು. ಫೋನು ಐನೂರ ಎಂಬತ್ತು ಮೀಟರು ಎಂದಿತು. ಇಂದಕ್ಕ ಡಿಕ್ಕಿಯಿಂದ ತಮ್ಮ ಚೀಲ ತೆಗೆಯಲು ಹೋದರು. ಅದರಲ್ಲಿ ಬಿಸ್ಕೀಟು, ಗ್ಲೂಕೋಸ್ ಪುಡಿ, ಔಷಧ ಎಲ್ಲ ಇರುತ್ತಿತ್ತು.

"ಬಿಡ್ರಿ ಇಂದಕ್ಕ, ಅರ್ಧ ಕಿಲೋಮೀಟರಿಗೆ ಯಾಕ ಹೊರತೀರಿ? ಹಿಂಗ ಹೋಗಿ ಹಂಗ ಬರೂಣು."

ಈ ಮಾತನ್ನು ಆಡಿದವಳು ನಾನು. ಇದನ್ನು ಬರೆಯದೆ ಮುಂದಕ್ಕೆ ಹೋಗಲಾರೆ.

ಫೋನು ಹೇಳುವುದು ನೇರ ಗೆರೆಯ ದೂರ. ನಡುವೆ ಜಾಲಿಯ ಮುಳ್ಳಿದೆಯೋ, ಕೊರಕಲಿದೆಯೋ ಅದಕ್ಕೆ ಬೇಕಿಲ್ಲ. ಗುಡ್ಡದ ಬುಡಕ್ಕೆ ಅಕೇಶಿಯಾ ನೆಡುತೋಪು. ಸಾಲುಸಾಲಾಗಿ ಒಂದೇ ದಪ್ಪ, ಒಂದೇ ಎತ್ತರದ ಮರಗಳು. ಎಡಕ್ಕೆ ನೋಡಿದರೂ ಅದೇ, ಬಲಕ್ಕೆ ನೋಡಿದರೂ ಅದೇ. ಒಳಗೆ ನಡೆದಂತೆ ಫೋನಿನ ನೆಟ್‌ವರ್ಕ್ ಹೋಯಿತು. ನಕ್ಷೆ ಅಳಿಸಿ ಬರೀ ಬೂದು ಹಾಳೆಯಾಯಿತು. ಅದರ ಮೇಲೆ ನಮ್ಮ ನೀಲಿ ಚುಕ್ಕೆಯೊಂದೇ ಉಳಿಯಿತು. ಊರಿಲ್ಲ, ದಾರಿಯಿಲ್ಲ.

"ಇಂದಕ್ಕ, ಸಾಕ್ರಿ, ಹೊಳ್ಳಿ ಹೋಗೂಣು."

"ಏ, ಇಪಗ್ರಹ ಮ್ಯಾಲಿಂದ ನೋಡಾಕತ್ತೈತವ್ವಾ, ನಮಗೇನ ಆಗ್ತೈತಿ?" ಎಂದರು. ಉಪಗ್ರಹಕ್ಕೆ ಅವರು ಇಪಗ್ರಹ ಎನ್ನುವುದು ನನ್ನನ್ನು ಚೇಷ್ಟೆ ಮಾಡಲಿಕ್ಕೆ. ಆ ಪದವನ್ನು ಹಾಗೆ ತಪ್ಪಾಗಿ ಹೇಳುವವರು ನನ್ನ ಯಜಮಾನರು.

ಕೊರಕಲುಗಳನ್ನು ಸುತ್ತಿ ಬಳಸಿ ಅಲ್ಲಿ ಮುಟ್ಟುವುದಕ್ಕೆ ಒಂದೂಕಾಲು ಗಂಟೆ ಹಿಡಿಯಿತು. ಗುರುತಿನ ಜಾಗದಲ್ಲಿ ಬಳ್ಳಿಯಿರಲಿಲ್ಲ, ಹೂವಿರಲಿಲ್ಲ. ಇಂದಕ್ಕ ಬಗ್ಗಿ ಪೊದೆ ಪೊದೆ ಸರಿಸಿ ನೋಡಿದರು. "ಐದ ನಿಮಿಷ, ಆ ದಂಡಿಗೆ ನೋಡಿ ಬರ್ತೇನಿ" ಎಂದು ಮರಗಳ ಆಚೆ ಹೋದರು. ಸಣ್ಣ ಮಳೆ ಶುರುವಾಯಿತು. ಆಮೇಲೆ ಒಂದು ಸದ್ದು. ಕಲ್ಲು ಉರುಳಿದಂತೆ, ಅದರ ಹಿಂದೆ ಮಣ್ಣು ಜಾರಿದಂತೆ. ಕೂಗು ಕೇಳಲಿಲ್ಲ. ಅದರಿಂದಲೇ ನನಗೆ ಹೆಚ್ಚು ಭಯವಾಯಿತು.

ಹಳ್ಳದ ದಂಡೆ ಕುಸಿದಿತ್ತು. ಒಂದಾಳು ಕೆಳಗೆ ಕೆಂಪು ಕೆಸರಿನಲ್ಲಿ ಇಂದಕ್ಕ ಕೂತಿದ್ದರು. ಬೇರು ಹಿಡಿದು, ಕೂತು, ಜಾರಿ ನಾನೂ ಇಳಿದೆ. ಅವರ ಬಲಗಾಲಿನ ಪಾದ ಇರಬಾರದ ಕಡೆಗೆ ತಿರುಗಿತ್ತು.

"ಮುರದೈತಿ ಅನಸ್ತೈತಿ" ಎಂದರು, ಪಾಠ ಹೇಳುವ ದನಿಯಲ್ಲೇ. ಎತ್ತಲು ನೋಡಿದೆ. ಅವರದು ದೊಡ್ಡ ಮೈ; ನನ್ನಿಂದಾಗಲಿಲ್ಲ. ಕೊಡೆ ಬಿಚ್ಚಿ ಅವರ ತಲೆಗೆ ಹಿಡಿದು ಕೂತೆ. ಅವರ ಫೋನಿಗೂ ಸಿಗ್ನಲ್ ಇಲ್ಲ, ನನ್ನದಕ್ಕೂ ಇಲ್ಲ. ಎಷ್ಟೋ ಹೊತ್ತು ಇಬ್ಬರೂ ಗಂಟಲು ಹರಿಯುವಂತೆ ಕೂಗಿದೆವು. ಯಾರೂ ಓ ಎನ್ನಲಿಲ್ಲ.

ಹನ್ನೆರಡೂವರೆಯ ಹೊತ್ತಿಗೆ ಇಂದಕ್ಕ ಕೂಗುವುದನ್ನು ನಿಲ್ಲಿಸಿದರು. ಹಣೆಯ ಮೇಲೆ ಬೆವರು. ಮಳೆಯಲ್ಲಿ, ಆ ಚಳಿಯಲ್ಲಿ ಬೆವರು! ಕೈ ನಡುಗುತ್ತಿತ್ತು. "ಬೆಳಿಗ್ಗೆ ಅವಲಕ್ಕಿ ಅಷ್ಟ ತಿಂದೇನಿ. ಸೂಜಿ ಮಾತ್ರ ಪೂರಾ ತಗೊಂಡೇನಿ" ಎಂದರು. ಸ್ವಲ್ಪ ಹೊತ್ತು ಬಿಟ್ಟು ನನ್ನನ್ನು ನೋಡಿ, "ನೀ ಯಾರ ಕ್ಲಾಸಿನಾಕಿ? ರೆಕಾರ್ಡ್ ಬುಕ್ ತಂದೀಯೇನು?" ಎಂದು ಕೇಳಿದರು.

ಅವರ ಮುಖ ಅದೇ ಇತ್ತು. ಅದರೊಳಗಿಂದ ನನ್ನನ್ನು ನೋಡುತ್ತಿದ್ದವರು ಬೇರೆ ಯಾರೋ.

ಸಿಹಿ ಬೇಕು. ಸಿಹಿ ಸ್ಕೂಟರಿನ ಡಿಕ್ಕಿಯಲ್ಲಿದೆ. ಇವರನ್ನು ಬಿಟ್ಟು ಹೋಗಬೇಕು. ಬಿಟ್ಟು ಹೋದರೆ, ಅಡುಗೆಮನೆಯ ದಿಕ್ಕನ್ನು ಬಾಯಿಪಾಠ ಮಾಡಿದ ನಾನು, ಈ ಒಂದೇ ಥರದ ಮರಗಳ ನಡುವೆ ಇವರನ್ನು ಮತ್ತೆ ಹುಡುಕುವುದು ಹೇಗೆ? ಫೋನಿನ ಪರದೆ ಮಾತು ಕೇಳಲಿಲ್ಲ. ಒದ್ದೆ ಬೆರಳಿಗೆ ಅದು ಒಲಿಯುವುದಿಲ್ಲ. ರವಿಕೆಯ ಒಳಭಾಗಕ್ಕೆ ಬೆರಳನ್ನೂ ಪರದೆಯನ್ನೂ ಒರೆಸಿ, ಚುಕ್ಕೆಯ ಮೇಲೆ ಒತ್ತಿ ಹಿಡಿದು, ಆ ಜಾಗವನ್ನು ಉಳಿಸಿದೆ. ಹೆಸರು ಕೇಳಿತು. "ಇಂದಕ್ಕ" ಎಂದು ಬರೆದೆ. ಫೋನನ್ನು ನಂಬದೆ, ಆ ಜಾಗದ ಅಕ್ಷಾಂಶ ರೇಖಾಂಶಗಳ ಕೊನೆಯ ಮೂರು ಮೂರು ಅಂಕಿಗಳನ್ನು ಬಾಯಲ್ಲಿ ಹೇಳಿಕೊಂಡೆ: ನಾನೂರ ಹನ್ನೆರಡು, ಮುನ್ನೂರ ಎಂಬತ್ತಾರು. ಅವರ ಹೆಗಲಿಗೆ ಕೊಡೆ ಆನಿಸಿ, "ಇಲ್ಲಿಂದ ಕದಲಬ್ಯಾಡ್ರಿ, ಲಗೂ ಬರ್ತೇನಿ" ಎಂದೆ. ಅವರು ನನ್ನ ಕಡೆ ನೋಡಲಿಲ್ಲ.

ಬೇರು ಹಿಡಿದು ದಂಡೆ ಹತ್ತಿ ಓಡಿದೆ. ಬಾಯಿ ತೆರೆದರೆ ಆ ಅಂಕಿಗಳು ಉದುರಿಹೋಗುತ್ತವೆಂಬಂತೆ ತುಟಿ ಬಿಗಿದು ಓಡಿದೆ. ಯಾವ ಕಡೆಗೆ ಓಡುತ್ತಿದ್ದೇನೆಂದು ಗೊತ್ತಿರಲಿಲ್ಲ. ಇಳಿಜಾರು ಎತ್ತ ಇದೆಯೋ ಅತ್ತ. ಸೀರೆ ಮುಳ್ಳಿಗೆ ಸಿಕ್ಕಿ ಹರಿಯಿತು, ಒಂದು ಚಪ್ಪಲಿ ಕೆಸರಿನಲ್ಲೇ ಉಳಿಯಿತು. ಮರಗಳು ಮುಗಿದಾಗ ಎದುರಿಗೆ ಭತ್ತದ ಗದ್ದೆ. ಮಳೆಗೆ ತಲೆಯಿಂದ ಕಂಬಳಿಯ ಗೊಂಚಿ ಹೊದ್ದು ಗಂಡ ಹೆಂಡತಿ ಇಬ್ಬರು ಕಸ ಕೀಳುತ್ತಿದ್ದರು. ಅವರನ್ನು ಕಂಡೊಡನೆ ನನಗೆ ಅಳು ಹೊರಟಿತು.

ಹೆಂಗಸು ಎದ್ದು ಬಂದಳು. ನನಗಿಂತ ಚಿಕ್ಕವಳು. ಹೆಸರು ಗಂಗವ್ವ ಎಂದು ನನಗೆ ಗೊತ್ತಾದದ್ದು ಆಮೇಲೆ.

"ಏನಾತ್ರಿ ಯವ್ವಾ? ಹಾವು ಮುಟ್ಟೈತೇನ್ರಿ?"

"ನಮ್ಮ ಅಕ್ಕಾರು ಬಿದ್ದಾರ್ರಿ, ಶುಗರ್ ಐತ್ರಿ, ಸಕ್ಕರಿ ಬೇಕ್ರಿ, ಸಕ್ಕರಿ..."

ಅವಳು ಮುಂದೆ ಕೇಳಲಿಲ್ಲ. ಬದುವಿನ ಮೇಲಿದ್ದ ಬುತ್ತಿಯ ಗಂಟು ಬಿಚ್ಚಿ, ಶೇಂಗಾದ ಜೊತೆಗಿದ್ದ ಬೆಲ್ಲದ ಹೆಂಟೆ ತೆಗೆದು ಸೆರಗಿಗೆ ಕಟ್ಟಿಕೊಂಡಳು. ಗಂಡನಿಗೆ, "ನೀ ಊರಾಗ ಹೋಗಿ ಟ್ರ್ಯಾಕ್ಟರ್ ತಗೊಂಡು ನಾಕ ಮಂದೀನ ಕರಕೊಂಡು ಬಾ" ಎಂದಳು. ಅವನು ಓಡಿದ. ಅವಳು ನನ್ನತ್ತ ತಿರುಗಿ, "ನಮ್ಮತ್ತಿಗೂ ಅದ ಬ್ಯಾನಿ ಇತ್ರಿ. ಹೊತ್ತ ಮಾಡಬಾರದು. ಎಲ್ಲೆ ಅದಾರ, ತೋರಸ್ರಿ" ಎಂದಳು.

ಎಲ್ಲಿ? ತಿರುಗಿ ನೋಡಿದೆ. ಮರಗಳ ಗೋಡೆ. ನಾನು ಯಾವ ಸಂದಿಯಿಂದ ಹೊರಬಂದೆನೋ ಅದೇ ಮರೆತುಹೋಗಿತ್ತು. ಫೋನಿನ ಬಾಣ ಒಮ್ಮೆ ಗದ್ದೆಯ ಕಡೆಗೆ, ಒಮ್ಮೆ ಗುಡ್ಡದ ಕಡೆಗೆ ತಿರುಗುತ್ತಿತ್ತು. ನಿಂತಲ್ಲೇ ನಿಂತರೆ ಅದು ಹಾಗೆ ಹುಚ್ಚಾಗುತ್ತದೆ. ಆಗ ಅಂಕಿಗಳನ್ನು ನೋಡಿದೆ. ನಾನು ನಿಂತಲ್ಲಿ ಅಕ್ಷಾಂಶದ ಕೊನೆ ಆರುನೂರ ಐವತ್ತೈದು. ನಾನೂರ ಹನ್ನೆರಡು ಆಗಬೇಕು. ಕಡಿಮೆಯಾಗಬೇಕು. ನಮ್ಮ ಕಡೆ ಅಕ್ಷಾಂಶ ಕಡಿಮೆಯಾದರೆ ದಕ್ಷಿಣ. ರೇಖಾಂಶವೂ ಏಳುನೂರರಿಂದ ಮುನ್ನೂರಕ್ಕೆ ಇಳಿಯಬೇಕು, ಅಂದರೆ ಪಶ್ಚಿಮ. ಎಂಟನೆಯ ಇಯತ್ತೆಯ ಪಾಠ. ಎಷ್ಟು ಮಕ್ಕಳನ್ನು ಇದಕ್ಕಾಗಿ ಬೆಂಚಿನ ಮೇಲೆ ನಿಲ್ಲಿಸಿದ್ದೆ!

"ತೆಂಕಲಕ್ಕೂ ಪಡುವಲಕ್ಕೂ ಹೋಗಬೇಕ್ರಿ" ಎಂದೆ. "ಆದರ ತೆಂಕಲ ಯಾವ ಕಡೆ ನನಗ ಗೊತ್ತಿಲ್ರಿ."

ಗಂಗವ್ವ ನನ್ನನ್ನು ಒಂದು ನಮೂನೆ ನೋಡಿದಳು. ಸೂರ್ಯನಿಲ್ಲ, ನೆರಳಿಲ್ಲ; ಅವಳು ತಲೆಯೆತ್ತಿ ಕೂಡ ನೋಡಲಿಲ್ಲ. "ತೆಂಕಲ ಹಿಂಗ. ಪಡುವಲ ಹಿಂಗ. ಬರ್ರಿ ನನ್ನ ಬೆನ್ನ ಹತ್ತಿ" ಎಂದು ಎರಡರ ನಡುವೆ ಹಿಡಿದು ಹೊರಟಳು.

ಹಾಗೆ ಹೋದೆವು. ಹತ್ತು ಹತ್ತು ಹೆಜ್ಜೆಗೆ ನಾನು ಅಂಕಿ ಓದುವುದು, "ಇನ್ನೂ ಪಡುವಲಕ್ಕ", "ಸಾಕು, ಈಗ ತೆಂಕಲಕ್ಕಷ್ಟ" ಎನ್ನುವುದು. ಅವಳು ಕೊರಕಲು ದಾಟಿದರೂ ಮುಳ್ಳು ಸುತ್ತಿದರೂ ದಿಕ್ಕು ಬಿಡದೆ ನಡೆಯುವುದು. ನಡುನಡುವೆ ಅಂಕಿಗಳು ತಾವಾಗಿಯೇ ಜಿಗಿಯುತ್ತಿದ್ದವು. ಮರದ ಕೆಳಗೆ ಹಾಗಾಗುತ್ತದಂತೆ. ಪ್ರತಿ ಜಿಗಿತಕ್ಕೂ ನನ್ನ ಜೀವ ಹಾರುತ್ತಿತ್ತು. "ಇಂದಕ್ಕಾ" ಎಂದು ಕೂಗಿದೆ. ಮಳೆಯ ಸದ್ದು ಮಾತ್ರ.

ನಾನೂರ ಹನ್ನೆರಡು. ಮುನ್ನೂರ ಎಂಬತ್ತಾರು. ನೀಲಿ ಚುಕ್ಕೆ ಗುರುತಿನ ಮೇಲೆಯೇ ಬಂದು ಕೂತಿತು. ಎದುರಿಗೆ ಕುಸಿದ ದಂಡೆ, ಕೆಳಗೆ ನನ್ನ ಕೊಡೆ. ಕೊಡೆಯ ಕೆಳಗೆ ಯಾರೂ ಇರಲಿಲ್ಲ.

ಓದುವವರೇ, ಆ ಹೊತ್ತಿನ ನನ್ನ ಮನಸ್ಸನ್ನು ನಿಮ್ಮೆದುರಿಗೆ ಬಿಚ್ಚಿಡಲು ನಾಚಿಕೆಯಾಗುತ್ತದೆ. ಮೊದಲು ಹೊಳೆದದ್ದು ಇಂದಕ್ಕನ ಬಗ್ಗೆ ಅಲ್ಲ. ಮನೆಗೆ ಹೋಗಿ ಏನು ಹೇಳಲಿ ಎಂದು ಹೊಳೆಯಿತು. ಚೀಲ ಬಿಡ್ರಿ ಅಂದವಳು ನಾನು, ಬಿಟ್ಟು ಓಡಿದವಳು ನಾನು. ಇಲ್ಲಿಂದಲೇ ಎತ್ತಲಾದರೂ ಹೋಗಿಬಿಡಬೇಕೆನ್ನಿಸಿತು. ದಾರಿ ಗೊತ್ತಿರಲಿಲ್ಲ, ಅಷ್ಟೆ. ಕೆಸರಿನ ಮೇಲೆ ಕೂತು ಫೋನನ್ನೇ ನೋಡುತ್ತಿದ್ದೆ. ಅದು ನಾವು ಮುಟ್ಟಿದ್ದೇವೆ ಎನ್ನುತ್ತಿತ್ತು.

ಗಂಗವ್ವ ಆಗಲೇ ಕೆಳಗಿಳಿದಿದ್ದಳು. "ಆ ಫೋನ್ ಬಿಟ್ಟು ನೆಲಾ ನೋಡ್ರಿ ಅಕ್ಕಾರ" ಎಂದಳು. "ತೆವಕೋತ ಹೋಗ್ಯಾರ. ಹುಲ್ಲು ಮಲಗೇತಿ ನೋಡ್ರಿ."

ಹುಲ್ಲಿನ ಮೇಲೆ ಒಂದು ಪಟ್ಟಿ, ಕೆಸರಿನಲ್ಲಿ ಅಂಗೈಯ ಅಚ್ಚು. ಹಳ್ಳದ ತಿರುವಿನ ಆಚೆ, ಮೂವತ್ತು ಹೆಜ್ಜೆಯೂ ಇರಲಿಲ್ಲ, ಇಂದಕ್ಕ ಬೋರಲು ಬಿದ್ದಿದ್ದರು. ಮಳೆಗೆ ಹರಿಯತೊಡಗಿದ್ದ ನೀರು ಅವರ ಕೆನ್ನೆಯಿಂದ ಒಂದು ಗೇಣು ದೂರವಿತ್ತು.

ಇಬ್ಬರೂ ಸೇರಿ ಹೊರಳಿಸಿದೆವು. ಉಸಿರಿತ್ತು. ಕಣ್ಣುಗಳು ಅರ್ಧ ತೆರೆದಿದ್ದವು, ಆದರೆ ನೋಡುತ್ತಿರಲಿಲ್ಲ. ನಾನು ಬೆಲ್ಲವನ್ನು ಬಾಯಿಗೆ ತುರುಕಲು ಹೋದಾಗ ಗಂಗವ್ವ ನನ್ನ ಕೈ ಹಿಡಿದಳು. "ಹಂಗ ಹಾಕಬ್ಯಾಡ್ರಿ, ಉಸರಿಗೆ ಸಿಗ್ತೈತಿ." ಅವರನ್ನು ಮಗ್ಗುಲಾಗಿ ಮಲಗಿಸಿದಳು. ಬೆಲ್ಲವನ್ನು ಅಂಗೈಯಲ್ಲಿ ನುಣ್ಣಗೆ ತಿಕ್ಕಿ, ಬೆರಳ ತುದಿಯಿಂದ ವಸಡಿಗೆ, ಕೆನ್ನೆಯ ಒಳಗೆ ಸವರಿದಳು. ಮತ್ತೆ ಸವರಿದಳು. ನಾನು ಇಂದಕ್ಕನ ತಣ್ಣನೆಯ ಕೈಯನ್ನು ಹಿಡಿದು ಕೂತೆ. ಎಷ್ಟು ಹೊತ್ತೋ. ನನಗೆ ಗೊತ್ತಿದ್ದ ದೇವರುಗಳೆಲ್ಲ ಒಂದು ಸುತ್ತು ಮುಗಿದು ಮತ್ತೆ ಮೊದಲಿನಿಂದ ಶುರುವಾಗಿದ್ದವು. ಆಗ ಅವರ ನಾಲಿಗೆ ಅಲುಗಿತು. ತುಟಿ ನೆಕ್ಕಿಕೊಂಡರು.

"ಬೆಲ್ಲ" ಎಂದರು. ಆಮೇಲೆ ಬಹಳ ಹೊತ್ತಿಗೆ, "ಯಾಕ ಅಳಾಕತ್ತೀ ರತ್ನಾ?"

ನನ್ನ ಹೆಸರು ಅಷ್ಟು ಚೆಂದ ಕೇಳಿಸಿದ್ದು ಅದೇ ಮೊದಲು.

ಊರವರು ಬಂದರು, ಕಂಬಳಿಯನ್ನು ಬಿದಿರಿಗೆ ಕಟ್ಟಿ ಜೋಳಿಗೆ ಮಾಡಿ ಹೊತ್ತು ತಂದರು. ಟ್ರ್ಯಾಕ್ಟರಿನಲ್ಲಿ ಡಾಂಬರು ರಸ್ತೆಯವರೆಗೆ, ಅಲ್ಲಿಂದ ಆಂಬುಲೆನ್ಸಿನಲ್ಲಿ ಧಾರವಾಡಕ್ಕೆ. ಕಾಲಿಗೆ ಪ್ಲೇಟು ಹಾಕಿದರು. ಮೂರು ತಿಂಗಳು ಅವರು ನಮ್ಮ ಮನೆಯಲ್ಲೇ ಇದ್ದರು. ನಮ್ಮ ಯಜಮಾನರಿಗೆ ಗಿಡಗಳ ಶಾಸ್ತ್ರೀಯ ಹೆಸರು ಕಲಿಸಿ ಅವರ ಬಾಯಿ ಮುಚ್ಚಿಸಿದರು. ದೀಪಾವಳಿಯ ಮುಂದೆ ನಾನು ನಮ್ಮವರ ಜೊತೆ ಹೋಗಿ ಗಂಗವ್ವನನ್ನು ಕಂಡು ಬಂದೆ. ಉಡಿ ತುಂಬಿದರೆ, "ತೆಂಕಲ ಯಾವ ಕಡೆ ಅಂತ ಈಗರ ಗೊತ್ತಾತೇನ್ರಿ ಅಕ್ಕಾರ?" ಎಂದು ಮಂದಿಯೆದುರು ಕೇಳಿ ನಕ್ಕಳು. ನಾನೂ ನಕ್ಕೆ. ತೋರಿಸು ಎಂದಿದ್ದರೆ ತೋರಿಸಲು ಬರುತ್ತಿರಲಿಲ್ಲ.

ಆ ಬಳ್ಳಿ ಯಾಕೆ ಸಿಗಲಿಲ್ಲವೆಂದು ಒಂದು ದಿನ ಸುಮ್ಮನಿರಲಾರದೆ ನೋಟುಬುಕ್ಕು ತೆಗೆದು ನೋಡಿದೆ. ಸೆಕೆಂಡಿನ ಜಾಗದಲ್ಲಿ ಇಂದಕ್ಕ ಬರೆದ ಒಂದನ್ನು ನಾನು ಏಳು ಎಂದು ಓದಿದ್ದೆ. ಆರು ಸೆಕೆಂಡಿನ ತಪ್ಪು. ನೆಲದ ಮೇಲೆ ನೂರೆಂಬತ್ತು ಮೀಟರಿಗೂ ಮೇಲೆ. ಹೂವಿರುವ ಜಾಗ ಹಳ್ಳದಿಂದ ಬಹಳ ಈಚೆಗಿತ್ತು. ನಾವು ಆ ದಂಡೆಗೆ ಹೋಗುವ ಅಗತ್ಯವೇ ಇರಲಿಲ್ಲ. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಬೆಳಿಗ್ಗೆ ಅವರ ಮುಂದೆ ಕೂತು ಚೀಲದ ಮಾತನ್ನೂ ಏಳರ ಮಾತನ್ನೂ ಒಟ್ಟಿಗೇ ಹೇಳಿಬಿಟ್ಟೆ.

ಇಂದಕ್ಕ ಚಹಾದ ಕಪ್ಪು ಕೆಳಗಿಟ್ಟರು. "ನನ್ನ ಅಕ್ಷರ ಹಂಗ ಐತಿ, ನಮ್ಮ ಹುಡುಗೂರು ಯಾವತ್ತೂ ಬೈತಿದ್ರು. ಮತ್ತ ಚೀಲ ಬಿಟ್ಟಾಕಿ ನಾನು. ನನಗೇನ ಕೈ ಇರಲಿಲ್ಲೇನು?" ಎಂದರು. ತಮ್ಮ ಕಾಲನ್ನು ಸವರಿಕೊಂಡರು. "ನಿನ್ನ ಮಾತು ಕೇಳಿ ಅಲ್ಲೇ ಕುಂತಿದ್ರ ಇಷ್ಟ ಆಗ್ತಿರಲಿಲ್ಲ. ಆದರ ನೀ ಕರದ್ಯಲ್ಲ."

"ಯಾವಾಗ್ರಿ?"

"ಅದ, ನೀ ಹೋದ ಮ್ಯಾಲೆ. ಹಳ್ಳದ ಕೆಳಗಿಂದ. 'ಇಂದಕ್ಕಾ, ಇಲ್ಲೆ ಬರ್ರಿ, ಇಲ್ಲೆ ಬರ್ರಿ' ಅಂತ. ಛಲೋ ನೆನಪೈತಿ ನನಗ. ದಾರಿ ತಪ್ಪಿ ಆ ಕಡೆ ಹೋದ್ಲಲ್ಲಾ ಇಕಿ ಅಂತ ನಿನ್ನ ಕಡೆ ತೆವಕೋತ ಬಂದೆ."

ಆ ಹೊತ್ತಿನಲ್ಲಿ ನಾನು ಅದಕ್ಕೆ ವಿರುದ್ಧ ದಿಕ್ಕಿನಲ್ಲಿ, ತುಟಿ ಬಿಗಿದು, ಎರಡು ಅಂಕಿಗಳನ್ನು ಬಾಯೊಳಗೆ ಹಿಡಿದುಕೊಂಡು ಓಡುತ್ತಿದ್ದೆ. ಶುಗರ್ ಇಳಿದಾಗ ಇಲ್ಲದ್ದು ಕೇಳಿಸಬಹುದೆಂದು ಡಾಕ್ಟರು ಆಮೇಲೆ ಹೇಳಿದರು. ಅದೇ ಇರಬೇಕು. ಆದರೆ ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಮುರಿದ ಕಾಲನ್ನು ಎಳೆದುಕೊಂಡು ಕೆಸರಿನಲ್ಲಿ ತೆವಳಿದ್ದು ಯಾರಿಗಾಗಿ ಎಂಬುದು ಅವರಿಗೆ ಬೇಕಾಗಿತ್ತು.

"ಹೂಂ ಇಂದಕ್ಕ, ನಾನ ಕರದಿದ್ದೆ" ಎಂದೆ.

ಅವರು ತಲೆಯಾಡಿಸಿ ಕಪ್ಪು ಎತ್ತಿಕೊಂಡರು. ಒಂದು ಗುಟುಕು ಕುಡಿದು, ನನ್ನ ಮೊಣಕೈ ಮೇಲೆ ಕೈಯಿಟ್ಟು, ಮೆಲ್ಲಗೆ ಅಂದರು:

"ಆದರ ಅಷ್ಟು ಅಂಜಿಕೋತ ಕರೀಬಾರದವ್ವಾ. ನನಗ ಖರೇ ಅಂಜಿಕಿ ಬಂದದ್ದು ಆವಾಗ."